ಪ್ರಾಸ್ಟೇಟಿಗೆ ಎರಡನೇ ಮಾತ್ರೆ ಶುರುವಾಗಿ ಮೂರು ತಿಂಗಳು, ರಾತ್ರಿ ಇನ್ನೂ ಐದು ಸಲ ಏಳುತ್ತಿದ್ದೇನೆ

ಹಳೇ ಕಂಡಕ್ಟರ್, ಅರಸೀಕೆರೆ:

ಎಲ್ಲರಿಗೂ ನಮಸ್ಕಾರ. ನನಗೆ 69 ವರ್ಷ. ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದೆ. ಅರ್ಧ ಸರ್ವಿಸ್ ಅರಸೀಕೆರೆ ಬೆಂಗಳೂರು ರೂಟಿನಲ್ಲೇ ಕಳೆಯಿತು. ಆಗ ತಿಪಟೂರಿನಲ್ಲಿ ಟೀ, ತುಮಕೂರಿನಲ್ಲಿ ಒಂದಕ್ಕೆ. ನಡುವೆ ಬಂದರೆ ತಡೆದುಕೊಳ್ಳುವುದು, ಅಷ್ಟೇ. ಈಗ ಅದೇ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ತಿಪಟೂರು, ಕೆ.ಬಿ. ಕ್ರಾಸ್, ಗುಬ್ಬಿ, ಮೂರು ಕಡೆಯೂ ಇಳಿಯಬೇಕು ಅನ್ನಿಸುತ್ತದೆ. ಡ್ರೈವರ್ ಪರಿಚಯದವನಾದರೆ ನಿಲ್ಲಿಸುತ್ತಾನೆ. ಇಲ್ಲದಿದ್ದರೆ ನನ್ನ ಪಾಡು ಬೇಡ.

ನಾಲ್ಕು ವರ್ಷದ ಹಿಂದೆ ಸ್ಕ್ಯಾನ್ ಮಾಡಿಸಿದಾಗ ಪ್ರಾಸ್ಟೇಟ್ (ಮೂತ್ರನಾಳದ ಸುತ್ತ ಇರುವ ಗ್ರಂಥಿ) ದೊಡ್ಡದಾಗಿದೆ, 52 ಗ್ರಾಂ ಇದೆ ಅಂದರು. ಹೋಗಿ ಬಂದ ಮೇಲೂ ಮೂತ್ರಚೀಲದಲ್ಲಿ 90 ಎಂಎಲ್ ಉಳಿಯುತ್ತಿತ್ತು. ಟ್ಯಾಮ್ಸುಲೋಸಿನ್ 0.4 ಕೊಟ್ಟರು. ಒಂದು ವಾರದಲ್ಲಿ ಎಷ್ಟು ಹಗುರ ಆಯಿತು ಅಂದರೆ, ಡಾಕ್ಟರಿಗೆ ಒಂದು ಡಜನ್ ಎಳನೀರು ತಗೊಂಡು ಹೋಗಿ ಕೊಟ್ಟು ಬಂದೆ. ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಹೋದ ವರ್ಷದಿಂದ ಮತ್ತೆ ಧಾರೆ ಸಣ್ಣಗಾಯಿತು. ಶುರುವಾಗಲು ನಿಂತು ಕಾಯಬೇಕು. ರಾತ್ರಿ ನಾಲ್ಕೈದು ಸಲ ಏಳಬೇಕು. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗೆ ಮಾಡುವ ರಕ್ತಪರೀಕ್ಷೆ) 3.1 ಬಂತು. ಅದು ಪರವಾಗಿಲ್ಲ ಅಂದು, ಟ್ಯಾಮ್ಸುಲೋಸಿನ್ ಜೊತೆ ಡುಟಾಸ್ಟೆರೈಡ್ ಸೇರಿರುವ ಕ್ಯಾಪ್ಸೂಲ್ ಬರೆದುಕೊಟ್ಟರು. ಮೂರು ತಿಂಗಳಾಯಿತು. ಏನೂ ವ್ಯತ್ಯಾಸ ಇಲ್ಲ.

ಅಳಿಯ ಬೆಂಗಳೂರಲ್ಲಿ ಸಾಫ್ಟ್‌ವೇರ್. ಮೊಬೈಲಲ್ಲಿ ಏನೇನೋ ಓದಿ, "ಮಾವ, ಆ ಎರಡನೇ ಔಷಧ ಗಂಡಸುತನಕ್ಕೇ ಹೊಡೆತ, ನಿಲ್ಲಿಸಿಬಿಡಿ" ಅಂತಾನೆ. ಪಕ್ಕದ ಮನೆಯವರು ಬಾಳೆದಿಂಡಿನ ರಸ ಕುಡಿಯಿರಿ ಅಂತಾರೆ. ಡಾಕ್ಟರನ್ನೇ ಕೇಳಬಹುದಿತ್ತು. ಆದರೆ ನನ್ನದು 37ನೇ ಟೋಕನ್, ಹಿಂದೆ ಇನ್ನೂ ಹತ್ತು ಜನ. ಕೌಂಟರಿನಲ್ಲಿ ಜನ ನಿಂತಿರುವಾಗ ಚಿಲ್ಲರೆ ಕೇಳಿದಂತೆ ಆಗುತ್ತದೆ ಅಂತ ಸುಮ್ನೆ ಎದ್ದು ಬಂದೆ.

ಇನ್ನೆರಡು ವಿಷಯ. ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುತ್ತೇನೆ, ಸಕ್ಕರೆ ಇಲ್ಲ. ರಾತ್ರಿ ದಡಕ್ಕನೆ ಎದ್ದರೆ ತಲೆ ತಿರುಗುತ್ತದೆ. ಮುಂದಿನ ತಿಂಗಳು ಬಲಗಣ್ಣಿನ ಪೊರೆ ಆಪರೇಷನ್ ಇದೆ. ಮಾತ್ರೆ ಮರೆಯುವುದಿಲ್ಲ. ಮಗಳು ಸೀಮಂತ ಮುಗಿಸಿಕೊಂಡು ಹೆರಿಗೆಗೆ ಬಂದಿದ್ದಾಳೆ, ಅವಳೇ ದಿನಾ ಬಿಡಿಸಿ ಡಬ್ಬಿಗೆ ಹಾಕಿಡುತ್ತಾಳೆ.

ಈ ಎರಡನೇ ಔಷಧ ಮುಂದುವರಿಸಲೋ, ಬಿಡಲೋ? ಅನುಭವ ಇದ್ದವರು ಹೇಳಿ.

ಮೆಡಿಕಲ್ ಶಾಪ್, ದಾವಣಗೆರೆ:

ಯಜಮಾನರೇ, ನಿಮ್ಮ ಪ್ರಶ್ನೆ ಆಮೇಲೆ. ಮೊದಲು ಮಗಳ ಕೈಯಿಂದ ಆ ಕೆಲಸ ಬಿಡಿಸಿ. ಡುಟಾಸ್ಟೆರೈಡ್ ಕ್ಯಾಪ್ಸೂಲ್ ಸೋರಿದರೆ ಔಷಧ ಚರ್ಮದಿಂದಲೂ ಒಳಗೆ ಹೋಗುತ್ತದೆ. ಹೊಟ್ಟೆಯಲ್ಲಿ ಗಂಡು ಮಗು ಇದ್ದರೆ ಅದರ ಜನನಾಂಗದ ಬೆಳವಣಿಗೆಗೆ ತೊಂದರೆ ಆಗಬಹುದು. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು ಅಂತ ಪೊಟ್ಟಣದೊಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಯಾರೂ ಬಿಡಿಸಿ ನೋಡುವುದಿಲ್ಲ. ಗಾಬರಿ ಬೇಡ. ಇಷ್ಟು ದಿನ ಮುಟ್ಟಿದ್ದು ಒಡೆಯದ, ಸೋರದ ಕ್ಯಾಪ್ಸೂಲ್ ಆಗಿದ್ದರೆ ಹೆದರುವಂಥದ್ದೇನೂ ಇಲ್ಲ. ಹೆರಿಗೆ ಡಾಕ್ಟರಿಗೆ ಒಂದು ಮಾತು ಹೇಳಿಡಿ. ಇನ್ನು ಮೇಲೆ ನೀವೇ ಬಿಡಿಸಿಕೊಳ್ಳಿ.

ಎರಡನೆಯದು, ಯಾವಾಗ ನುಂಗುತ್ತೀರಿ? ದಿನಾ ಒಂದೇ ಹೊತ್ತಿಗೆ, ಊಟವಾಗಿ ಅರ್ಧ ಗಂಟೆಗೆ ತಗೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ರಕ್ತಕ್ಕೆ ಬೇಗ ಸೇರಿ ತಲೆಸುತ್ತು ಜಾಸ್ತಿ. ಕ್ಯಾಪ್ಸೂಲ್ ಬಿಚ್ಚಬೇಡಿ, ಜಗಿಯಬೇಡಿ. ರಾತ್ರಿ ಏಳುವಾಗ ಹಾಸಿಗೆಯ ಅಂಚಿಗೆ ಒಂದು ನಿಮಿಷ ಕೂತು, ಆಮೇಲೆ ನಿಲ್ಲಿ. ಬಚ್ಚಲ ದಾರಿಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ನೆಗಡಿ ಬಂದರೆ ಅಂಗಡಿಗೆ ಹೋಗಿ "ಒಂದು ಶೀತದ ಮಾತ್ರೆ ಕೊಡಪ್ಪ" ಅನ್ನಬೇಡಿ. ಪ್ರಾಸ್ಟೇಟ್ ಇದೆ ಅಂತ ಹೇಳಿ ಕೇಳಿ. ಆ ಮಾತ್ರೆಗಳಲ್ಲಿ ಫಿನೈಲೆಫ್ರಿನ್, ಕ್ಲೋರ್‌ಫೆನಿರಮೈನ್ ಇರುತ್ತವೆ. ಒಂದು ಮೂತ್ರದ ಬಾಯಿಯನ್ನು ಬಿಗಿ ಮಾಡುತ್ತದೆ, ಇನ್ನೊಂದು ಚೀಲ ಹಿಂಡುವುದನ್ನು ಮಂಕು ಮಾಡುತ್ತದೆ. ಎರಡೂ ಸೇರಿದರೆ ಪೂರ್ತಿ ಕಟ್ಟಿಕೊಳ್ಳಬಹುದು.

ದುಡ್ಡಿನ ಮಾತು: ಈ ಔಷಧ ವರ್ಷಗಟ್ಟಲೆ ತಗೊಳ್ಳುವಂಥದ್ದು. ಬ್ರ್ಯಾಂಡ್ ಹೆಸರು ಬಿಟ್ಟು ಔಷಧದ ಹೆಸರು ಚೀಟಿಯಲ್ಲಿ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡಂತಾಯಿತು, ಇರಲಿ.

ನಾಟಿ ವೈದ್ಯ ಪ್ರೇಮಿ:

ಬಾಳೆದಿಂಡು, ನೆಗ್ಗಿಲು ಮುಳ್ಳಿನ ಕಷಾಯ, ಬಾರ್ಲಿ ನೀರು. 48 ದಿನ ಮಾಡಿ ನೋಡಿ. ಇಂಗ್ಲಿಷ್ ಮಾತ್ರೆ ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ.

ತೋಟದ ಮನೆ, ಸಿರ್ಸಿ:

ಮಾರಾಯ್ರೇ, ಆ 48 ದಿನ ಮಾಡಿದವನು ನಾನು. ನನ್ನ ಕಥೆ ಕೇಳಿ.

ನನಗೆ ಈಗ 74. ಆರು ವರ್ಷದ ಹಿಂದೆ ನಿಮ್ಮ ಹಾಗೇ ಟ್ಯಾಮ್ಸುಲೋಸಿನ್ ನುಂಗುತ್ತಿದ್ದೆ. ಯಾರೋ ಹೇಳಿದರು ಅಂತ ಮಾತ್ರೆ ಬಿಟ್ಟೆ. ದಿಂಡಿಗೇನು, ತೋಟದಲ್ಲಿ ಬೇಕಾದಷ್ಟು. ಬೆಳಿಗ್ಗೆ ರಸ, ಮಧ್ಯಾಹ್ನ ಪಲ್ಯ. ಮೊದಲ ಮೂರು ವಾರ ಏನೂ ಆಗಲಿಲ್ಲ, ನನಗೆ ಹೆಮ್ಮೆ. ಅಡಿಕೆ ಕೊಯ್ಲಿನ ಕಾಲ, ಚಳಿಗೆ ನೆಗಡಿ ಹತ್ತಿತು. ಮನೆಯಲ್ಲಿದ್ದ ಶೀತದ ಮಾತ್ರೆ ಎರಡು ದಿನ ನುಂಗಿದೆ. ಮೂರನೇ ರಾತ್ರಿ ಹನ್ನೊಂದಕ್ಕೆ ಒಂದು ಹನಿಯೂ ಬರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಹೊಟ್ಟೆಯ ಕೆಳಗೆ ತೆಂಗಿನಕಾಯಿ ಇಟ್ಟಂತೆ ಗಟ್ಟಿ. ಕೂರಲಾಗದು, ನಿಲ್ಲಲಾಗದು. ಬೆವರು. ಮಗ ಜೀಪಿನಲ್ಲಿ ಕರೆದುಕೊಂಡು ಹೋದ. ಆ ಘಟ್ಟದ ರಸ್ತೆಯ ಒಂದೊಂದು ಹೊಂಡವೂ ನನಗೆ ಇವತ್ತಿಗೂ ನೆನಪಿದೆ. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದ ಕೂಡಲೇ 900 ಎಂಎಲ್ ಬಂತು. ಅಷ್ಟು ಸುಖ ಮದುವೆ ದಿನವೂ ಆಗಿರಲಿಲ್ಲ, ಹೆಂಡತಿಗೆ ಹೇಳಬೇಡಿ.

ಅಲ್ಫುಜೋಸಿನ್ ಕೊಟ್ಟು ಮೂರು ದಿನ ಬಿಟ್ಟು ಟ್ಯೂಬ್ ತೆಗೆದರು, ಹೋಯಿತು. ಆದರೆ ಆರು ತಿಂಗಳಿಗೆ ಮತ್ತೆ ಕಟ್ಟಿತು. ಕೊನೆಗೆ ಒಳಗಿಂದ ಕೆರೆದು ತೆಗೆಯುವ ಆಪರೇಷನ್ ಮಾಡಿಸಿಕೊಂಡೆ. ಈಗ ಮಾತ್ರೆ ಇಲ್ಲ.

ದಿಂಡಿನ ಪಲ್ಯ ನಾನು ಈಗಲೂ ತಿನ್ನುತ್ತೇನೆ, ರುಚಿಗೆ. ತಮ್ಮ ಅಮೆರಿಕದಿಂದ ಸಾ ಪಾಮೆಟ್ಟೊ ಅನ್ನುವ ಗಿಡಮೂಲಿಕೆ ಗುಳಿಗೆ ಬೇರೆ ತಂದುಕೊಟ್ಟಿದ್ದ. ಅಲ್ಲೇ 2006ರಲ್ಲಿ 225 ಗಂಡಸರಿಗೆ ಒಂದು ವರ್ಷ ಕೊಟ್ಟು ಪರೀಕ್ಷೆ ಮಾಡಿದ್ದಾರಂತೆ. ಅದಕ್ಕೂ ಔಷಧವೇ ಇಲ್ಲದ ಸುಳ್ಳು ಗುಳಿಗೆಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಇದು ನನಗೆ ಗೊತ್ತಾಗಿದ್ದು ಡಬ್ಬಿ ಖಾಲಿಯಾದ ಮೇಲೆ.

ತಾಲೂಕು ಆಸ್ಪತ್ರೆ ವೈದ್ಯೆ:

ಸರ್, ನಾನು ಯೂರಾಲಜಿಸ್ಟ್ ಅಲ್ಲ, ಜನರಲ್ ಮೆಡಿಸಿನ್. ಆದರೆ ಇಂಥ ಹತ್ತಾರು ತಂದೆಯರನ್ನು ವಾರಕ್ಕೆ ನೋಡುತ್ತೇನೆ. ನಿಮ್ಮನ್ನು ಪರೀಕ್ಷೆ ಮಾಡದೆ ಬಿಡಿ, ತಗೊಳ್ಳಿ ಎಂದು ಹೇಳಲಾರೆ. ಆದರೆ ಟೋಕನ್ ಗಡಿಬಿಡಿಯಲ್ಲಿ ನಿಮಗೆ ಯಾರೂ ಹೇಳದ ಮಾತು ಇದು: ಆ ಎರಡು ಔಷಧಗಳ ಕೆಲಸವೂ ಬೇರೆ, ಗಡಿಯಾರವೂ ಬೇರೆ.

ಪ್ರಾಸ್ಟೇಟ್ ಮೂತ್ರನಾಳವನ್ನು ಸುತ್ತಿಕೊಂಡಿರುತ್ತದೆ. ಅದರಲ್ಲಿ ಸ್ನಾಯುವೂ ಇದೆ, ಗ್ರಂಥಿಯೂ ಇದೆ. ಟ್ಯಾಮ್ಸುಲೋಸಿನ್ ಸ್ನಾಯುವಿನ ಹಿಡಿತ ಸಡಿಲ ಮಾಡುತ್ತದೆ. ಅಲ್ಫುಜೋಸಿನ್, ಸಿಲೋಡೋಸಿನ್ ಕೂಡ ಅದೇ ಜಾತಿ. ದಿನಗಳಲ್ಲೇ ಗುಣ ಗೊತ್ತಾಗುತ್ತದೆ. ಆದರೆ ಬೆಳೆದ ಗ್ರಂಥಿಯ ಗಡ್ಡೆ ಕರಗುವುದಿಲ್ಲ, ಅದರ ಪಾಡಿಗೆ ಅದು ಬೆಳೆಯುತ್ತಲೇ ಇರುತ್ತದೆ. ಮೂರು ವರ್ಷ ಚೆನ್ನಾಗಿದ್ದು ಆಮೇಲೆ ನಿಮಗೆ ಮತ್ತೆ ಶುರುವಾಗಲು ಅದೇ ಕಾರಣ ಇರಬಹುದು. ಡುಟಾಸ್ಟೆರೈಡ್ ಮತ್ತು ಅದರ ಅಣ್ಣ ಫಿನಾಸ್ಟೆರೈಡ್ ಗಡ್ಡೆಗೆ ಗೊಬ್ಬರವಾಗುವ ಹಾರ್ಮೋನನ್ನು ಕಡಿಮೆ ಮಾಡುತ್ತವೆ. ನಿಧಾನಕ್ಕೆ ಗಡ್ಡೆ ಕಾಲು ಭಾಗದಷ್ಟು ಕುಗ್ಗುತ್ತದೆ. ಗುಣ ಗೊತ್ತಾಗಲು ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಮೂರು ತಿಂಗಳಿಗೆ ತೀರ್ಪು ಕೊಡುವುದು ತೆಂಗಿನ ಸಸಿ ನೆಟ್ಟ ವರ್ಷವೇ ಎಳನೀರು ಹುಡುಕಿದಂತೆ.

ಎರಡೂ ಯಾಕೆ ಬೇಕು ಅಂದರೆ, 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 3047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿದರು. ಔಷಧಗಳು ಡಾಕ್ಸಜೋಸಿನ್ ಮತ್ತು ಫಿನಾಸ್ಟೆರೈಡ್, ನಿಮ್ಮವಕ್ಕೆ ಹತ್ತಿರದ ನೆಂಟರು. ಎರಡೂ ಸೇರಿಸಿ ತಗೊಂಡವರಲ್ಲಿ ಕಾಯಿಲೆ ಮುಂದುವರಿಯುವ ಸಾಧ್ಯತೆ ಶೇ. 66ರಷ್ಟು ಕಡಿಮೆಯಾಯಿತು. ಒಂದೊಂದೇ ತಗೊಂಡವರಲ್ಲಿ ಸುಮಾರು ಅದರ ಅರ್ಧ. ಸಿರ್ಸಿಯವರಿಗೆ ಆದಂತೆ ಪೂರ್ತಿ ಕಟ್ಟಿಕೊಳ್ಳುವುದನ್ನು ದೀರ್ಘಕಾಲಕ್ಕೆ ತಡೆದದ್ದು ಕುಗ್ಗಿಸುವ ಔಷಧವೇ, ಬರೀ ಸಡಿಲ ಮಾಡುವ ಔಷಧ ಅಲ್ಲ. ಇದರ ಲಾಭ ಗಡ್ಡೆ ದೊಡ್ಡದಿರುವವರಿಗೇ ಜಾಸ್ತಿ. ನಿಮ್ಮದು 52, ಮಾಮೂಲಿ ಗಾತ್ರದ ಎರಡು ಪಟ್ಟಿಗಿಂತ ಹೆಚ್ಚು.

ಅಳಿಯಂದಿರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನೂರಕ್ಕೆ ಕೆಲವರಿಗೆ ಆಸೆ ಕಡಿಮೆಯಾಗುತ್ತದೆ, ನಿಮಿರುವಿಕೆಯಲ್ಲಿ ತೊಂದರೆ ಬರುತ್ತದೆ, ಎದೆ ಸ್ವಲ್ಪ ಊದಿ ನೋಯಬಹುದು. ನಿಲ್ಲಿಸಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ, ಕೆಲವರಿಗೆ ಉಳಿದದ್ದೂ ವರದಿಯಾಗಿದೆ. ನಿಮಗೆ ಆಗಿದೆಯಾ, ಆಗಿದ್ದರೆ ನಿಮಗದು ಎಷ್ಟು ಮುಖ್ಯ, ಇದನ್ನು ನೀವು ಮತ್ತು ಅಮ್ಮನವರು ಮಾತಾಡಿ ಡಾಕ್ಟರಿಗೆ ಹೇಳಬೇಕು. ಅಳಿಯ ಅಲ್ಲ.

ಪಿಎಸ್‌ಎ ವಿಷಯ ಚೀಟಿಯ ಮೇಲೆ ಬರೆದಿಡಿ. ಈ ಔಷಧ ಆರು ತಿಂಗಳು ತಗೊಂಡ ಮೇಲೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗ ಲ್ಯಾಬಿನಲ್ಲಿ 2.5 ಬಂದರೆ "ನಾರ್ಮಲ್" ಅಂತ ಖುಷಿಪಡಬೇಡಿ. ಅದನ್ನು ಎರಡರಿಂದ ಗುಣಿಸಿ 5 ಅಂತ ಓದಬೇಕು. ಇಳಿದ ಮೇಲೆ ಮತ್ತೆ ಏರತೊಡಗಿದರೂ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಲು ತೋರಿಸಬೇಕು.

ಕಣ್ಣಿನ ಡಾಕ್ಟರಿಗೆ ಟ್ಯಾಮ್ಸುಲೋಸಿನ್ ಹೆಸರನ್ನು ತಪ್ಪದೆ ಹೇಳಿ. ಅದು ಕಣ್ಣಿನ ಪಾಪೆಯ ಸ್ನಾಯುವನ್ನೂ ಸಡಿಲ ಮಾಡುತ್ತದೆ. ಪೊರೆ ತೆಗೆಯುವಾಗ ಪಾಪೆಯ ಸುತ್ತಲಿನ ಬಣ್ಣದ ಪರದೆ ಒದ್ದೆ ಬಟ್ಟೆಯಂತೆ ಅಲ್ಲಾಡಬಹುದು, ಪಾಪೆ ಸಣ್ಣದಾಗಬಹುದು. ಇದನ್ನು 2005ರಲ್ಲೇ ಗುರುತಿಸಿದ್ದಾರೆ. ಮೊದಲೇ ಗೊತ್ತಿದ್ದರೆ ಸರ್ಜನ್ ಬೇರೆ ಔಷಧ, ಪಾಪೆಯನ್ನು ಅಗಲವಾಗಿ ಹಿಡಿದಿಡುವ ಉಂಗುರ, ಕೊಕ್ಕೆ ಸಿದ್ಧ ಮಾಡಿಕೊಳ್ಳುತ್ತಾರೆ. ಮಾತ್ರೆಯನ್ನು ಹತ್ತು ದಿನ ಮುಂಚೆ ನೀವೇ ನಿಲ್ಲಿಸಿದರೆ ಸಾಕಾಗುವುದಿಲ್ಲ. ಎಷ್ಟೋ ಹಿಂದೆ ಬಿಟ್ಟವರಲ್ಲೂ ಹೀಗೆ ಆಗಿದೆ.

ಕೊನೆಯದಾಗಿ ಒಂದು ಕೆಲಸ ಕೊಡುತ್ತೇನೆ. ಮೂರು ದಿನ ಅಳತೆ ಇರುವ ಜಗ್ಗಿನಲ್ಲಿ ಹಿಡಿದು, ಎಷ್ಟು ಗಂಟೆಗೆ ಎಷ್ಟು ಎಂಎಲ್ ಅಂತ ಬರೆಯಿರಿ. ರಾತ್ರಿ ಏಳುವುದಕ್ಕೆಲ್ಲ ಪ್ರಾಸ್ಟೇಟೇ ಕಾರಣ ಆಗಿರುವುದಿಲ್ಲ.

ಜೀವಶಾಸ್ತ್ರ ಮಾಸ್ತರ, ಧಾರವಾಡ:

ಡಾಕ್ಟರು ಹೇಳಿದ ಕುಗ್ಗಿಸುವ ಔಷಧಕ್ಕೆ ಒಂದು ಕಥೆ ಐತ್ರಿ. ಕ್ಲಾಸಿನಾಗ ಹೇಳಿದರೆ ಹುಡುಗರು ಕಣ್ಣು ಮಿಟುಕಿಸುತ್ತಿರಲಿಲ್ಲ.

ಕೆರಿಬಿಯನ್ ಕಡೆ ಡೊಮಿನಿಕನ್ ರಿಪಬ್ಲಿಕ್ ಅಂತ ದೇಶ. ಅಲ್ಲಿ ಸಲಿನಾಸ್ ಅನ್ನುವ ಹಳ್ಳಿ. ಅಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣಿನಂತೆ ಕಾಣುತ್ತಿದ್ದರು, ಹೆಣ್ಣಾಗಿಯೇ ಬೆಳೆಸುತ್ತಿದ್ದರು. ಹನ್ನೆರಡು ವರ್ಷದ ಹೊತ್ತಿಗೆ ದನಿ ಒಡೆದು, ಮೈ ಗಟ್ಟಿಯಾಗಿ ಗಂಡಾಗುತ್ತಿದ್ದರು. ಜೂಲಿಯಾನ್ ಇಂಪೆರಾಟೊ ಮ್ಯಾಕ್‌ಗಿನ್ಲಿ ಎಂಬ ವೈದ್ಯೆ ಇದನ್ನು ಅಭ್ಯಾಸ ಮಾಡಿ 1974ರಲ್ಲಿ ಪ್ರಕಟಿಸಿದರು. ಟೆಸ್ಟೋಸ್ಟಿರೋನನ್ನು ಇನ್ನೂ ಬಲವಾದ ಡಿಎಚ್‌ಟಿ ಹಾರ್ಮೋನ್ ಮಾಡುವ ಕಿಣ್ವ ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲ. ಇವರು ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಚಿಕ್ಕದಾಗಿಯೇ ಇರುತ್ತಿತ್ತು. ತಲೆ ಬೋಳಾಗುತ್ತಿರಲಿಲ್ಲ! ಅಂದರೆ ಆ ಕಿಣ್ವವನ್ನು ಮಾತ್ರೆಯಿಂದ ತಡೆದರೆ ಹೇಗೆ ಅನ್ನುವ ಆಲೋಚನೆ ಬಂತು. ಹಾಗೆ ಹುಟ್ಟಿದ್ದು ಫಿನಾಸ್ಟೆರೈಡ್. 1992ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟಿಗೆ 5 ಎಂಜಿ, 1997ರಲ್ಲಿ ಬೋಳುತಲೆಗೆ 1 ಎಂಜಿ. ದಾವಣಗೆರೆಯವರು ನಿಮ್ಮ ಮಗಳಿಗೆ ಮುಟ್ಟಬೇಡ ಅಂದದ್ದೂ ಇದೇ ಕಾರಣಕ್ಕರಿ.

ಅಂದಹಾಗೆ ನಿಮ್ಮ ಅಳಿಯನ ತಲೆ ಮ್ಯಾಲೆ ಕೂದಲು ಹೆಂಗೈತಿ?

ಕರಾವಳಿಯವ, ದುಬೈ:

ನನಗೆ ತಲೆಸುತ್ತು ಅಂತ ಟ್ಯಾಮ್ಸುಲೋಸಿನ್ ಬದಲು ಸಿಲೋಡೋಸಿನ್ 8 ಕೊಟ್ಟರು. ಸುತ್ತು ನಿಂತಿತು. ಆದರೆ ಸಂಭೋಗದಲ್ಲಿ ವೀರ್ಯ ಹೊರಗೆ ಬರುವುದೇ ನಿಂತಿತು. ಯಾರೂ ಮೊದಲೇ ಹೇಳಿರಲಿಲ್ಲ, ನಾನು ಹೆದರಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಅಪಾಯ ಇಲ್ಲ, ಮಾತ್ರೆ ಬಿಟ್ಟರೆ ಸರಿಹೋಗುತ್ತದೆ ಅಂತ ಆಮೇಲೆ ತಿಳಿಯಿತು. ಈಗ ದಿನಾ ಟಡಾಲಫಿಲ್ 5 ತಗೊಳ್ಳುತ್ತೇನೆ, ಮೂತ್ರಕ್ಕೂ ನಿಮಿರುವಿಕೆಗೂ ಎರಡೂ ಕೆಲಸ ಆಗುತ್ತದೆ. ಅಣ್ಣ ಅದನ್ನೇ ಕೇಳಿ ನೋಡಬಹುದಲ್ವಾ?

ತಾಲೂಕು ಆಸ್ಪತ್ರೆ ವೈದ್ಯೆ:

ಕೇಳಬಹುದು, ಪ್ರಾಸ್ಟೇಟಿಗೂ ಅದಕ್ಕೆ ಒಪ್ಪಿಗೆ ಇದೆ. ಆದರೆ ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವವರು ಟಡಾಲಫಿಲ್ ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಕಂಡಕ್ಟರ್ ಸರ್‌ಗೆ ಈಗಲೇ ತಲೆಸುತ್ತು ಇದೆ, ಟ್ಯಾಮ್ಸುಲೋಸಿನ್ ಜೊತೆ ಸೇರಿದರೆ ಜಾಸ್ತಿ ಆಗಬಹುದು. ಸ್ನೇಹಿತರ ಚೀಟಿ ನೋಡಿ ಕೊಳ್ಳುವ ಔಷಧ ಅಲ್ಲ ಅದು.

ಹಳೇ ಕಂಡಕ್ಟರ್, ಅರಸೀಕೆರೆ:

ಎಲ್ಲರಿಗೂ ದೊಡ್ಡ ನಮಸ್ಕಾರ. ಮಾತ್ರೆ ಡಬ್ಬಿ ದೇವರ ಗೂಡಿನ ಮೇಲಕ್ಕೆ ಹೋಯಿತು, ಮಗಳ ಕೈಗೆ ಸಿಗದ ಹಾಗೆ. ಹೆರಿಗೆ ಡಾಕ್ಟರಿಗೂ ಹೇಳಿದೆವು. ಒಡೆದಿಲ್ಲ ತಾನೆ, ಸರಿ ಅಂದರು.

ಅಳಿಯನನ್ನು ಫೋನಿನಲ್ಲಿ ಮೆಲ್ಲಗೆ ಕೇಳಿದೆ. ಮೊದಲು ಸುಮ್ಮನಾದ. ಆಮೇಲೆ ಮಗಳೇ ಹೇಳಿದಳು. ಒಂದೂವರೆ ವರ್ಷದಿಂದ ಕೂದಲಿಗೆ ಫಿನಾಸ್ಟೆರೈಡ್ 1 ಎಂಜಿ ತಗೊಳ್ಳುತ್ತಿದ್ದಾನಂತೆ! ಮೊಮ್ಮಗು ಬರುತ್ತಿದೆ, ಇನ್ನೇನು ಪುರಾವೆ ಬೇಕು ಅಂತ ನಮ್ಮವಳು ನಕ್ಕೂ ನಕ್ಕೂ ಸುಸ್ತಾದಳು. ಎಲ್ಲರಿಗೂ ಅದೇ ರೀತಿ ಆಗಬೇಕೆಂದಿಲ್ಲ, ಗೊತ್ತು. ನನಗೇನಾದರೂ ಆಗಿದೆಯಾ ಅಂತ ಡಾಕ್ಟರಮ್ಮ ಕೇಳಿದ್ದರು. ಸ್ವಲ್ಪ ಕಡಿಮೆ ಆಗಿದೆ. 69ಕ್ಕೆ ಅದು ಮಾತ್ರೆಯಿಂದಲೋ ವಯಸ್ಸಿನಿಂದಲೋ ಹೇಳಲಾರೆ. ನಮ್ಮಿಬ್ಬರಿಗೂ ಅದು ದೊಡ್ಡ ದೂರಲ್ಲ. ನಿದ್ದೆ ಇಲ್ಲದಿರುವುದೇ ದೂರು.

ಡಾಕ್ಟರಮ್ಮ ಕೊಟ್ಟ ಕೆಲಸ ಮಾಡಿದೆ. ಮೂರು ದಶಕ ವೇಬಿಲ್ ಬರೆದ ಕೈ. ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಸ್ಟೇಜು, ಸಮಯ, ಎಂಎಲ್ ಅಂತ ಕಾಲಂ ಹಾಕಿದೆ. ಹೆಂಡತಿಯ ಒಂದು ಲೀಟರ್ ಅಳತೆ ಜಗ್ಗು ತಗೊಂಡೆ. ಅದು ಇನ್ನು ಅಡುಗೆಮನೆಗೆ ವಾಪಸ್ ಬರುವ ಹಾಗಿಲ್ಲ. ಎರಡನೇ ದಿನದ ಲೆಕ್ಕ ಇಲ್ಲಿದೆ: ಹಗಲು ಏಳು ಸಲ, ಒಟ್ಟು 1100. ರಾತ್ರಿ ಮಲಗಿದ ಮೇಲೆ ಐದು ಸಲ, ಬೆಳಗಿನ ಮೊದಲನೆಯದೂ ಸೇರಿ 850. ಉಳಿದೆರಡು ದಿನವೂ ಹೆಚ್ಚು ಕಡಿಮೆ ಇಷ್ಟೇ. ಇದರಲ್ಲಿ ಏನು ಕಾಣುತ್ತದೆ?

ತಾಲೂಕು ಆಸ್ಪತ್ರೆ ವೈದ್ಯೆ:

ಸರ್, ಇಷ್ಟು ಚೆನ್ನಾಗಿ ನಮ್ಮ ವಾರ್ಡಿನಲ್ಲೂ ಬರೆಯುವುದಿಲ್ಲ.

ಒಟ್ಟು 1950ರಲ್ಲಿ 850 ರಾತ್ರಿಯದು. ನೂರಕ್ಕೆ 43ಕ್ಕಿಂತ ಜಾಸ್ತಿ. ನಿಮ್ಮ ವಯಸ್ಸಿನಲ್ಲಿ ಮೂರನೇ ಒಂದು ಭಾಗ ದಾಟಿದರೆ ರಾತ್ರಿ ಮೂತ್ರ ಜಾಸ್ತಿ ತಯಾರಾಗುತ್ತಿದೆ ಅಂತ ಅರ್ಥ. ದಾರಿ ಎಷ್ಟೇ ಅಗಲ ಮಾಡಿದರೂ ಆ 850 ಹೊರಗೆ ಬರಲೇಬೇಕಲ್ವಾ? ಎರಡು ಪ್ರಶ್ನೆ. ಸಂಜೆ ಹೊತ್ತಿಗೆ ಪಾದ ಊದುತ್ತದೆಯಾ, ಕಾಲುಚೀಲದ ಗುರುತು ಬೀಳುತ್ತದೆಯಾ? ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತಂತೆ ಆಗುತ್ತದೆಯಾ? ಎರಡನೆಯದನ್ನು ಅಮ್ಮನವರನ್ನೇ ಕೇಳಿ.

ಹಳೇ ಕಂಡಕ್ಟರ್, ಅರಸೀಕೆರೆ:

ಗೊರಕೆ ಇದೆ, ಉಸಿರು ನಿಲ್ಲುವುದಿಲ್ಲವಂತೆ. ಪಾದ ಊದುತ್ತದೆ! ಚಪ್ಪಲಿ ಬಾರಿನ ಗುರುತು ರಾತ್ರಿ ಊಟದ ಹೊತ್ತಿಗೂ ಇರುತ್ತದೆ. ನಿಂತೂ ನಿಂತೂ ಬಂದ ಕಂಡಕ್ಟರ್ ಕಾಲು ಅಂದುಕೊಂಡಿದ್ದೆ.

ತಾಲೂಕು ಆಸ್ಪತ್ರೆ ವೈದ್ಯೆ:

ಇರಬಹುದು. ಆಮ್ಲೋಡಿಪಿನ್ನಿಂದಲೂ ಪಾದ ಊದುತ್ತದೆ. ಹೃದಯ, ಕಿಡ್ನಿಯನ್ನೂ ಒಮ್ಮೆ ನೋಡಬೇಕು. ಹಗಲು ಕಾಲಿನಲ್ಲಿ ನಿಂತ ನೀರು ನೀವು ಮಲಗಿದ ಕೂಡಲೇ ರಕ್ತಕ್ಕೆ ವಾಪಸ್ ಬಂದು, ಕಿಡ್ನಿಗೆ ನೈಟ್ ಡ್ಯೂಟಿ ಹಾಕುತ್ತದೆ. ಈ ವೇಬಿಲ್ ತಗೊಂಡು ಬಿಪಿ ನೋಡುವ ಡಾಕ್ಟರ ಹತ್ತಿರ ಹೋಗಿ. ಬಿಪಿ ಮಾತ್ರೆ ನೀವೇ ನಿಲ್ಲಿಸಬೇಡಿ.

ಹಳೇ ಕಂಡಕ್ಟರ್, ಅರಸೀಕೆರೆ:

ಐದು ವಾರದ ಮೇಲೆ ಬರೆಯುತ್ತಿದ್ದೇನೆ.

ಈ ಸಲ 12ನೇ ಟೋಕನ್ ಸಿಕ್ಕಿತು. ನೋಟ್‌ಬುಕ್ ಮೇಜಿನ ಮೇಲೆ ಇಟ್ಟೆ. ಡಾಕ್ಟರು ಮೊದಲು ನಕ್ಕರು, ಆಮೇಲೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಇಸಿಜಿ, ಕ್ರಿಯಾಟಿನಿನ್ ಮಾಡಿಸಿದರು, ಎರಡೂ ಸರಿ ಇತ್ತು. ಆಮ್ಲೋಡಿಪಿನ್ ಬದಲು ಬೇರೆ ಬಿಪಿ ಮಾತ್ರೆ ಕೊಟ್ಟರು. ಮಧ್ಯಾಹ್ನ ನಾಲ್ಕರಿಂದ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಬೇಕು, ಆರರ ಮೇಲೆ ಟೀ ಇಲ್ಲ. ಕ್ಯಾಪ್ಸೂಲ್ ಮುಂದುವರಿಸಿ, ಒಂಬತ್ತು ತಿಂಗಳಿಗೆ ಮತ್ತೆ ಸ್ಕ್ಯಾನ್ ನೋಡೋಣ ಅಂದರು. ಪಿಎಸ್‌ಎ ಎರಡರಿಂದ ಗುಣಿಸಬೇಕಲ್ವಾ ಸಾರ್ ಅಂದೆ. ಯಾರು ಹೇಳಿದ್ದು ಅಂದರು.

ಪಾದದ ಊತ ಹೋಗಿದೆ. ರಾತ್ರಿ ಈಗ ಎರಡು ಸಲ, ಕೆಲವು ದಿನ ಮೂರು. ಧಾರೆ ಮಾತ್ರ ಹಾಗೇ ಇದೆ, ಸಣ್ಣ. ಅದು ಕುಗ್ಗಿಸುವ ಮಾತ್ರೆಯ ಪಾಲಿನ ಕೆಲಸ. ರಸ್ತೆ ಅಗಲ ಮಾಡುವ ಕಂಟ್ರಾಕ್ಟ್ ಅಂದ ಮೇಲೆ ತಡ ಆಗಿಯೇ ಆಗುತ್ತದೆ.

ಕಣ್ಣಿನ ಆಸ್ಪತ್ರೆಯ ಫಾರಂನಲ್ಲಿ ಬಿಪಿ, ಶುಗರ್ ಅಂತ ಎರಡೇ ಕಾಲಂ ಇತ್ತು. ಪಕ್ಕದ ಖಾಲಿ ಜಾಗದಲ್ಲಿ ಟ್ಯಾಮ್ಸುಲೋಸಿನ್, ನಾಲ್ಕು ವರ್ಷ ಅಂತ ನಾನೇ ಬರೆದೆ. ನರ್ಸಮ್ಮ, ಒಂದಕ್ಕೆ ಹೋಗುವ ಮಾತ್ರೆ ಇಲ್ಲಿ ಯಾಕೆ ಅಜ್ಜ ಅಂದಳು. ಸರ್ಜನ್ ಅದನ್ನು ನೋಡಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ನನ್ನ ಆಪರೇಷನ್ನನ್ನು ಪಟ್ಟಿಯ ಕೊನೆಗೆ ಹಾಕಿದರು. ನಿಧಾನಕ್ಕೆ ಮಾಡೋಣ ಅಂತ. ಮೊನ್ನೆ ಆಯಿತು. ಇದನ್ನು ಎಡಗಣ್ಣಲ್ಲಿ ನೋಡಿಕೊಂಡು ಟೈಪ್ ಮಾಡಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.